ನನ್ನ ತಲೆಗೆ ಯಾರ ಸಹಿ?

ಹದಿನೇಳನೆಯ ವಯಸ್ಸಿನಲ್ಲಿ ನನ್ನ ತಲೆಬುರುಡೆಗೆ ತೂತು ಕೊರೆದರು. ಹೇಳುವಾಗ ಈಗಲೂ ನಗು ಬರುತ್ತದೆ. ಮೊಮ್ಮಕ್ಕಳು ನಂಬದಿದ್ದರೆ ಕೂದಲು ಸರಿಸಿ ಗುಳಿ ಮುಟ್ಟಿಸುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಬೆಳಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ದೇರೆಬೈಲಿನ ನಮ್ಮ ಗದ್ದೆಯ ಬದುವಿನ ಮೇಲೆ ನೆಟ್ಟಗೆ ನಡೆಯಲಾರದೆ ಕೆಸರಿಗೆ ಬೀಳುತ್ತಿದ್ದೆ. ಒಂದು ದಿನ ಹಟ್ಟಿಯಲ್ಲಿದ್ದ ಒಂದೇ ದನ ಎರಡಾಗಿ ಕಂಡು, ಇಲ್ಲದ ದನಕ್ಕೆ ಹುಲ್ಲು ಹಾಕಿದೆ. ಅಮ್ಮ ಮೊದಲು ನಕ್ಕಳು, ಆಮೇಲೆ ಹೆದರಿದಳು. ಅಪ್ಪ ಗಾಡಿ ಕಟ್ಟಿಸಿ ನಮ್ಮಿಬ್ಬರನ್ನೂ ಪೇಟೆಯ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಯುದ್ಧದಿಂದ ಮರಳಿದ ಸರ್ಜನ್ ಒಬ್ಬರಿದ್ದರು, ಘಟ್ಟದ ಮೇಲಿನವರು. ಕಣ್ಣಿಗೆ ದೀಪ ಹಿಡಿದು ನೋಡಿದರು, ಎಕ್ಸ್‌ರೇ ತೆಗೆಸಿದರು. "ಮೆದುಳಲ್ಲಿ ನೀರುಗುಳ್ಳೆ ಇರಬೇಕು, ಒತ್ತುತ್ತಾ ಇದೆ. ಬೇಗ ನೀರು ತೆಗೀದಿದ್ರೆ ಕಣ್ಣು ಹೋಗುತ್ತೆ, ಆಮೇಲೆ ಜೀವ. ಇಲ್ಲಿ ಸಹಿ ಹಾಕಿ" ಎಂದರು.

ಅಪ್ಪ ಹಿಂದೆ ಸರಿದರು. "ನಾನು ಹಾಕ್ಲಿಕ್ಕೆ ಆಗ್ತದಾ ಡಾಕ್ಟ್ರೇ? ಇವಳ ಮಾವ ಇದ್ದಾರಲ್ಲ."

"ನೀವು ತಂದೆ ಅಲ್ವಾ?"

"ತಂದೆ ಹೌದು. ಅದಕ್ಕೆಂತ?"

ಪಾಪ, ಡಾಕ್ಟರು ತಬ್ಬಿಬ್ಬಾದರು. ನಮ್ಮದು ಅಳಿಯಸಂತಾನ, ಮಕ್ಕಳು ತಾಯಿಯ ಮನೆಯವರು, ಸೋದರಮಾವನೇ ಯಜಮಾನ. ಅಪ್ಪ ತಮ್ಮ ಅಕ್ಕನ ಮಕ್ಕಳ ಶಾಲೆಗೆ, ಮದುವೆಗೆ ದರ್ಪದಿಂದ ಸಹಿ ಹಾಕುತ್ತಿದ್ದರು. ನನ್ನ ವಿಷಯದಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ನನ್ನ ಮಾವನೋ ಮಂಜಿ ಎಂಬ ಹಾಯಿಹಡಗಿನಲ್ಲಿ ಹೆಂಚು ತುಂಬಿಸಿಕೊಂಡು ಕೊಚ್ಚಿಗೆ ಹೋಗಿದ್ದರು.

ಆ ದಿನವೆಲ್ಲ ಅಪ್ಪ ಬಂದರಿನಲ್ಲಿ ಕುಳಿತು ಹಾಯಿ ಕಾಣುತ್ತದೋ ಎಂದು ನೋಡಿದರು. ಕಾದದ್ದು ತಪ್ಪು. ಮರುದಿನ ಬೆಳಗ್ಗೆ ಮಂಚದ ಪಕ್ಕದಲ್ಲೇ ಕುಳಿತಿದ್ದ ಅವರನ್ನು, "ಅಪ್ಪ, ಎಲ್ಲಿದ್ದೀರಿ?" ಎಂದು ಕೇಳಿದೆ. ಅವರು ತಟ್ಟನೆ ಎದ್ದು ಹೋದರು. ಸಹಿ ಹಾಕುವ ಅವಸರದಲ್ಲಿ ಶಾಯಿಯನ್ನು ಅಂಗಿಗೆಲ್ಲ ಚೆಲ್ಲಿಕೊಂಡರೆಂದು ಅಮ್ಮ ಆಮೇಲೆ ಹೇಳಿದಳು.

ತಲೆ ಬೋಳಿಸಿ, ನೆತ್ತಿಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ನನಗೆ ಎಚ್ಚರ ಇತ್ತು. "ಮಾತಾಡ್ತಾ ಇರು, ನಿಲ್ಲಿಸಬೇಡ" ಎಂದರು ಡಾಕ್ಟರು. ಮಾತಾಡು ಎಂದು ನನಗೆ ಹೇಳಿದವರು ಅವರೊಬ್ಬರೇ! ತೂತು ಕೊರೆಯುವ ಬೈರಿಗೆ ತಿರುಗತೊಡಗಿತು, ತಲೆಯೊಳಗೆ ಕಡೆಯುವ ಕಲ್ಲು ಉರುಳಿದ ಹಾಗೆ. ನಾನು ಬಂಗುಡೆ ಸಾರು ಮಾಡುವ ಕ್ರಮ ಶುರು ಮಾಡಿದೆ. ನನ್ನ ಕೈ ಹಿಡಿದುಕೊಂಡಿದ್ದ ನರ್ಸಮ್ಮ, "ಅಷ್ಟು ಹುಳಿ ಎಂತಕ್ಕೆ ಮಾರಾಯ್ತಿ?" ಎಂದರು. ನಮಗೆ ಜಗಳವೇ ಹತ್ತಿತು. ಮೀನೇ ತಿನ್ನದ ಡಾಕ್ಟರು ಬೈರಿಗೆ ನಿಲ್ಲಿಸಿ, "ಹುಳಿ ಸ್ವಲ್ಪ ಕಡಿಮೆ ಮಾಡಮ್ಮ" ಎಂದು ರಾಜಿ ಮಾಡಿಸಿದರು.

ಆಮೇಲೆ ಒಂದು ಕೊಳವೆ ಇಳಿಸಿದರು. ಹಳದಿ ನೀರು ಬಂತಂತೆ. ನನಗೆ ಗೊತ್ತಾದದ್ದು ಒಂದೇ: ತಿಂಗಳುಗಟ್ಟಲೆ ಹೊತ್ತ ಭಾರ ಇಳಿದುಹೋಯಿತು. ಎಂಥ ಹಗುರ! ನಗು ಉಕ್ಕಿತು. ನರ್ಸಮ್ಮನಿಗೂ ಹತ್ತಿತು. "ನಗಬೇಡಿ, ಕೈ ಅಲುಗುತ್ತೆ" ಎನ್ನುತ್ತಿದ್ದ ಡಾಕ್ಟರೂ ನಕ್ಕರು. ದಿನದಿಂದ ದಿನಕ್ಕೆ ಕಣ್ಣು ತಿಳಿಯಾಯಿತು. ಗೋಡೆಯ ಹಲ್ಲಿ ಕಂಡರೂ ನನಗೆ ನಗು.

ಐದನೆಯ ದಿನ ಮಾವ ಬಂದರು. ನನ್ನ ತಲೆಯ ಬಟ್ಟೆ ನೋಡಿ ಕೆಂಡವಾದರು. "ಯಾರನ್ನು ಕೇಳಿ ಇವಳ ತಲೆ ಒಡೆಸಿದ್ದು?"

ಅಪ್ಪ ಎದ್ದು ನಿಂತರು. "ಯಾರನ್ನೂ ಕೇಳ್ಲಿಲ್ಲ. ನನ್ನ ಮಗಳು."

ಅಪ್ಪನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅಷ್ಟು ದಿನ ನಕ್ಕವಳಿಗೆ ಅಳು ತಡೆಯಲಾಗಲಿಲ್ಲ. ಮಾವ ಸಿಟ್ಟೆಲ್ಲ ಮರೆತು, "ನೋವುಂಟಾ ಮಗಾ?" ಎಂದು ಬಗ್ಗಿದರು. ಇಲ್ಲವೆಂದು ತಲೆ ಅಲ್ಲಾಡಿಸಲು ಹೋದೆ. ಅಲ್ಲಾಡಿಸಬಾರದೆಂದು ಅಪ್ಪ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದುಕೊಂಡರು, ಮಾವನ ಎದುರಿಗೇ.