ಗಿಡ್ಡಪ್ಪ ಹೇಳಿದ ಮೇಲೆಯೇ ಪ್ರೊಸೆಸರ್

ಬಣಕಲ್ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಈಗಷ್ಟೇ ಒಲೆ ಹೊತ್ತಿದೆ. ಬೆಂಗಳೂರಿನ ರಾತ್ರಿ ಬಸ್ಸು ನಿಂತೊಡನೆ ಗಿಡ್ಡಪ್ಪ ಕಂಡಕ್ಟರನ ಕೈಯಿಂದ ಎರಡು ಪೆಟ್ಟಿಗೆ ಇಸಿದುಕೊಳ್ಳುತ್ತಾರೆ. ದೊಡ್ಡದರಲ್ಲಿ ಮದರ್‌ಬೋರ್ಡ್, ಅದಕ್ಕೆ ಪ್ಲಾಸ್ಟಿಕ್ ಸುತ್ತುತ್ತಾರೆ. ಚಿಕ್ಕದರಲ್ಲಿ ಪ್ರೊಸೆಸರ್, ಅದು ಸ್ವೆಟರಿನೊಳಗೆ ಹೋಗುತ್ತದೆ. ಮಳೆ ನಿಂತು ವಾರವಾಗಿದ್ದರೂ ಕೊಡೆ ಬಿಚ್ಚುತ್ತಾರೆ.

"ಮರದ ಹನಿ ಬೀಳ್ತದೆ. ಅದೂ ನೀರೇ ಅಲ್ವಾ?" ಎನ್ನುತ್ತಾರೆ.

ಐವತ್ತು ದಾಟಿದ ಗಿಡ್ಡಪ್ಪ ಮೊದಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುತ್ತಿದ್ದವರು. ಎಡಗೈ ತೋರುಬೆರಳಿನ ತುದಿ ಅಂಥದೊಂದು ಯಂತ್ರಕ್ಕೇ ಹೋಗಿದೆ. ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ಎಸ್ಟೇಟಿನವರು ಕರೆಯುವುದನ್ನು ಬಿಟ್ಟಾಗ ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಸೇರಿ, ಸಾಮಾನು ಹೊರುತ್ತಲೇ ಕಂಪ್ಯೂಟರ್ ಜೋಡಿಸುವುದನ್ನು ಕಲಿತರು. ಈಗ ಬಣಕಲ್ಲಿನಿಂದ ದೇವರಮನೆ ಬೆಟ್ಟದ ದಾರಿಯವರೆಗೆ ದಿನಕ್ಕೆ ಎರಡು ಮೂರು ಮನೆ ಸುತ್ತುತ್ತಾರೆ. ಎಷ್ಟೋ ಮನೆಗಳಲ್ಲಿ ಅವರಿಗೆ ಇವತ್ತಿಗೂ ಪಲ್ಪರ್ ಗಿಡ್ಡಪ್ಪ ಎಂದೇ ಹೆಸರು.

ಇಂದಿನ ಪಾರ್ಸೆಲ್ ಸಣ್ಣ ಬೆಳೆಗಾರ ಮಂಜಯ್ಯನವರ ಮನೆಗೆ. ಮಗಳು ಕೃತಿಕಾ ಪದವಿ ವಿದ್ಯಾರ್ಥಿನಿ. ಕಳೆದ ವರ್ಷ ಕಾಲೇಜುಗಳ ನಡುವಿನ ಕಾರ್ ರೇಸ್ ಗೇಮ್ ಸ್ಪರ್ಧೆಗೆ ಸೈಬರ್ ಸೆಂಟರಿನ ಹಳೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿ ಹೋಗಿದ್ದಳು. ಇಲ್ಲಿ ತಡೆತಡೆದು ಓಡುತ್ತಿದ್ದ ಕಾರು ಅಲ್ಲಿನ ಹೊಸ ಕಂಪ್ಯೂಟರಿನಲ್ಲಿ ಬಾಣದಂತೆ ಓಡಿತು. ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯಿತು. ಈ ಸಲದ ಸ್ಪರ್ಧೆ ದೀಪಾವಳಿ ಕಳೆದ ಮೇಲೆ. ಅವಳಿಗೆ ಇದು ಕೊನೆಯ ವರ್ಷ.

ಕಾಫಿ ನಾಡಿನಲ್ಲಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ, ಮಾರಿದ ದುಡ್ಡು ಬರುವುದು ಮಾರ್ಚಿನಲ್ಲಿ. ಗೊಬ್ಬರ, ಬಟ್ಟೆ, ಒಡವೆ ಎಲ್ಲವನ್ನೂ ಆಗಲೇ ಕೊಂಡುಬಿಡುವುದು ವಾಡಿಕೆ. ಮಂಜಯ್ಯ ಕಂಪ್ಯೂಟರನ್ನೂ ಹಾಗೇ ಕೊಳ್ಳಲು ಹೊರಟಿದ್ದರು. ಗಿಡ್ಡಪ್ಪ ಅಡ್ಡ ನಿಂತರು. ಕ್ಯಾಬಿನೆಟ್, ಮಾನಿಟರ್, ಆಟದ ಸ್ಟಿಯರಿಂಗ್ ಈಗ ಬರಲಿ. ಪ್ರೊಸೆಸರ್, ಅದು ಕೂರುವ ಮದರ್‌ಬೋರ್ಡ್ ಮಾತ್ರ ಮಳೆ ಮುಗಿದ ಮೇಲೆ ಎಂದರು.

"ಕಾಫಿ ಹಿಡಿದಿಟ್ರೆ ರೇಟು ಏರಿದ್ರೂ ಏರ್ತದೆ ಗೌಡ್ರೆ. ಇದು ಕೂತಲ್ಲೇ ಹಳೇದಾಗ್ತದೆ. ಮರ ಬಿದ್ದು ತಂತಿ ಹರಿದ್ರೆ ನಮ್ಗೆ ವಾರಗಟ್ಲೆ ಕರೆಂಟಿಲ್ಲ. ವಾರಂಟಿ ಪೆಟ್ಟಿಗೇಲೇ ಸವೀತದೆ. ಅಷ್ಟರಲ್ಲಿ ಹೊಸ ಮಾಡೆಲ್ ಬಂದ್ರೆ ಈಗಿಂದು ಅಗ್ಗ. ಅದ್ರ ದುಡ್ಡು ಅಮ್ಮಾವ್ರ ಕೈಗೆ ಕೊಡಿ. ನಿಮ್ಮ ಹತ್ರ ಇದ್ರೆ ಗೊಬ್ಬರ ಆಗ್ತದೆ!"

ಮಂಜಯ್ಯನವರ ಹೆಂಡತಿ ನಂಜಮ್ಮ ದುಡ್ಡನ್ನೂ ಎತ್ತಿಟ್ಟರು, ಖಾಲಿ ಕ್ಯಾಬಿನೆಟ್ಟಿಗೆ ಕಸೂತಿ ಬಟ್ಟೆಯನ್ನೂ ಹೊದಿಸಿದರು. ಮಳೆಗಾಲವಿಡೀ ಕೃತಿಕಾ ಕಪ್ಪು ಮಾನಿಟರಿನ ಮುಂದೆ ಸ್ಟಿಯರಿಂಗ್ ತಿರುಗಿಸಿದಳು. ಪಕ್ಕದ ತೋಟದ ಶಾಂತವೀರಪ್ಪ ಬಂದಾಗಲೆಲ್ಲ, "ಎಲ್ಲಿಗೆ ಮುಟ್ತು ನಿನ್ ಕಾರು? ಘಾಟಿ ಇಳೀತಾ?" ಎಂದು ಕೇಳುತ್ತಿದ್ದರು.

ಚೌತಿ ಕಳೆದರೂ ಬೆಲೆ ಇಳಿಯಲಿಲ್ಲ. ಮಂಜಯ್ಯನವರ ತಾಳ್ಮೆ ತಪ್ಪಿತು. "ದಸರಾ ತನ್ಕ ನೋಡ್ತೀನಿ ಮಾರಾಯ. ಆಮೇಲೆ ಪೇಟೆಗೆ ಹೋಗಿ ಸಿಕ್ಕಿದ್ದು ತರ್ತೀನಿ. ನೀನು ಪಲ್ಪರ್ ನೋಡ್ಕ" ಎಂದುಬಿಟ್ಟರು.

ಆ ದಿನಗಳನ್ನು ನೆನೆದರೆ ಗಿಡ್ಡಪ್ಪ ಈಗಲೂ ತಲೆ ಕೆರೆದುಕೊಳ್ಳುತ್ತಾರೆ. "ನಿದ್ದೆ ಬರ್ತಿರ್ಲಿಲ್ಲ. ಇಳೀತದೆ ಅಂತ ಕಾಯ್ತಾನೇ ಕೂತ್ರೆ ಯಾವತ್ತೂ ತಗಳಕ್ಕಾಗಲ್ಲ. ಹುಡುಗಿಗೆ ಕೈ ಪಳಗಕ್ಕೆ ಒಂದು ತಿಂಗ್ಳಾದ್ರೂ ಬೇಕು. ಮಹಾಲಯ ಅಮಾವಾಸ್ಯೆ ದಾಟಿದ್ರೆ ರೇಟು ಎಷ್ಟಿದ್ರೂ ತರ್ಸೋದು, ಹೆಚ್ಚಾದದ್ದು ನನ್ ಕೂಲೀಲಿ ಮುರ್ಕೊಳ್ಳೋದು ಅಂತ ಮಾಡಿದ್ದೆ."

ಅಮಾವಾಸ್ಯೆಗೆ ಎರಡು ದಿನ ಮುಂಚೆ ಬೆಂಗಳೂರಿನ ವ್ಯಾಪಾರಿಯ ಫೋನ್ ಬಂತು. ಹೊಸ ಮಾದರಿ ಬಂದಿದೆ, ಹಿಂದಿನದು ಇಳಿದಿದೆ. ಮಾರ್ಚಿನಲ್ಲಿ ಒಂದು ಕೋರಿನ ಪ್ರೊಸೆಸರಿಗೆ ಎತ್ತಿಟ್ಟ ದುಡ್ಡಿಗೆ ಈಗ ಎರಡು ಕೋರಿನದು, ಎಂದರೆ ಹೆಚ್ಚುಕಡಿಮೆ ಎರಡರ ಕೆಲಸ ಒಂದೇ ಮಾಡುವಂಥದು, ಸಿಗುತ್ತದೆ. ಗಿಡ್ಡಪ್ಪ ಎರಡನೇ ಮಾತಾಡಲಿಲ್ಲ. "ಇವತ್ತೇ ಬಸ್ಸಿಗೆ ಹಾಕಿ" ಎಂದರು.

ಈಗ ಮಂಜಯ್ಯನವರ ಜಗಲಿಯಲ್ಲಿ ಶಾಂತವೀರಪ್ಪನೂ ಹಾಜರು. ಗಿಡ್ಡಪ್ಪ ಕೈ ಒರೆಸಿ ಪ್ರೊಸೆಸರನ್ನು ಅದರ ಗೂಡಿನಲ್ಲಿ ಕೂರಿಸುತ್ತಾರೆ. ಮೊಂಡು ಬೆರಳು ಅಂಚು ಹಿಡಿದಿರುತ್ತದೆ, ಬಲಗೈ ಕೊಕ್ಕೆ ಒತ್ತುತ್ತದೆ. ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇದೆ.

"ಏಳು ತಿಂಗ್ಳು ಕಾದಿದ್ದು ಇದಕ್ಕಾ?" ಶಾಂತವೀರಪ್ಪ ನಗುತ್ತಾರೆ.

ಗಿಡ್ಡಪ್ಪ ಸ್ವಿಚ್ ಆರಿಸಿ, ಮೆಮೊರಿ ಪಟ್ಟಿಯನ್ನು ಕಿತ್ತು, ಉಫ್ ಎಂದು ಊದಿ, ಮತ್ತೆ ಒತ್ತಿ ಕೂರಿಸುತ್ತಾರೆ. ಪಕ್ ಎಂದು ಸದ್ದಾಗುತ್ತದೆ. ಈ ಸಲ ಬೀಪ್ ಕೇಳುತ್ತದೆ, ಮಾನಿಟರ್ ಬೆಳಗುತ್ತದೆ. ನಂಜಮ್ಮ ಎರಡೂ ಕೈ ಜೋಡಿಸುತ್ತಾರೆ.

ಬೇಕಾದ ಸಾಫ್ಟ್‌ವೇರ್ ಎಲ್ಲ ತುಂಬಿಸಿ ಆಟ ಶುರುವಾಗುವ ಹೊತ್ತಿಗೆ ಮಧ್ಯಾಹ್ನ. ಕೃತಿಕಾ ಸ್ಟಿಯರಿಂಗ್ ಹಿಡಿಯುತ್ತಾಳೆ. ಅದೇ ಮೊದಲ ತಿರುವು. ಕಾರು ಎಲ್ಲೂ ತಡೆಯದೆ ವಾಲಿ, ಗೋಡೆಯ ಪಕ್ಕದಲ್ಲೇ ಸರಿದು, ಮುಂದಿದ್ದ ಮೂರು ಕಾರುಗಳನ್ನು ಹಿಂದೆ ಹಾಕುತ್ತದೆ. ಮಳೆಗಾಲವಿಡೀ ಬರಿದೆ ತಿರುಗಿದ ಕೈ ಪಳಗಿಯೇಬಿಟ್ಟಿದೆ.

"ಬಿಡಬೇಡ, ಬಿಡಬೇಡ, ಒತ್ತು!" ಮಂಜಯ್ಯ ಕುರ್ಚಿ ಬಿಟ್ಟು ಎದ್ದಿದ್ದಾರೆ. ಗೆಲುವಿನ ಗೆರೆ ದಾಟಿದಾಗ ಕೃತಿಕಾ ಕೂಗಿದ ಕೂಗಿಗೆ ಅಂಗಳದ ನಾಯಿ ಬೊಗಳುತ್ತದೆ.

"ಗಿಡ್ಡಪ್ಪಣ್ಣ, ಕಪ್ ಬಂದ್ರೆ ಮೊದ್ಲು ನಿಮ್ ಕೈಗೆ!"

"ಕಪ್ ಬೇಡ ಮಗಾ. ಗುಡುಗಿದ್ರೆ ಪ್ಲಗ್ ಕೀಳು, ಸಾಕು."

"ರೇಸ್ ಮಧ್ಯ ಇದ್ರೆ?"

"ಸೋಲು. ಆದ್ರೆ ಕೀಳು."

ಗಿಡ್ಡಪ್ಪ ಚೀಲ ಹೆಗಲಿಗೇರಿಸುತ್ತಾರೆ. ಗೇಟಿನವರೆಗೆ ಬಂದ ಶಾಂತವೀರಪ್ಪ ದನಿ ತಗ್ಗಿಸುತ್ತಾರೆ. "ನಮ್ಮನೆಗೂ ಒಂದು ಬೇಕಿತ್ತು ಮಾರಾಯ. ಈಗ್ಲೇ ತಗಳದಾ, ಕಾಯದಾ?"

ಗಿಡ್ಡಪ್ಪ ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

"ಎಂತಕ್ಕೆ ಬೇಕು ಅಂತ ಮೊದ್ಲು ನೀವು ಹೇಳಿ. ಯಾವಾಗ ಅಂತ ನಾನು ಹೇಳ್ತೀನಿ."