ಸಿದ್ದರಾಮಪ್ಪನ ಸರ್ಫ್ ಹಲಗೆ

ನಾರಾಯಣಗೂಡದ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಉಸುಕಿನ ಕಾಗದ ಹಿಡಿದು ಕೂತರೆ ಸಿದ್ದರಾಮಪ್ಪನಿಗೆ ಊಟದ ಖಬರೂ ಇರುತ್ತಿರಲಿಲ್ಲ. ರಾಯಚೂರು ಕಡೆಯವನು, ನಲವತ್ತೈದು ದಾಟಿದವನು, ಸರ್ಕಾರಿ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ನೌಕರಿ. ಅವನು ತಿಕ್ಕುತ್ತಿದ್ದದ್ದು ಒಂಬತ್ತು ಅಡಿಯ ಥರ್ಮೋಕೋಲ್ ಹಲಗೆ. ತೆರೆಯ ಮೇಲೆ ನಿಂತು ಸವಾರಿ ಮಾಡುವ ಸರ್ಫ್ ಹಲಗೆ! ಹೈದರಾಬಾದೆಲ್ಲಿ, ಸಮುದ್ರವೆಲ್ಲಿ?

ಎಲ್‌ಟಿಸಿ ರಜೆ ತೆಗೆದುಕೊಂಡು ಗೋಕರ್ಣಕ್ಕೆ ಹೋದಾಗ ಹತ್ತಿದ ಗೀಳು ಅದು. ಹೆಂಡತಿ ಸುವರ್ಣಾ ದೇವಸ್ಥಾನದ ಸಾಲಿನಲ್ಲಿದ್ದಳು, ಇವನು ದಂಡೆಯಲ್ಲಿದ್ದ. ಒಬ್ಬ ಮನುಷ್ಯ ಓಡುವ ಹಲಗೆಯ ಮೇಲೆ ನಿಧಾನವಾಗಿ ಹೆಜ್ಜೆಯಿಡುತ್ತ ಅದರ ಮುಂದಿನ ತುದಿಗೆ ಬಂದು, ಬಸ್ಸಿಗೆ ಕಾಯುವವನ ಹಾಗೆ ಬೆನ್ನ ಹಿಂದೆ ಕೈಕಟ್ಟಿ ನಿಂತುಬಿಟ್ಟ. ಆ ತುದಿಗೆ ಮೂಗು ಎನ್ನುತ್ತಾರಂತೆ. ಸಿದ್ದರಾಮಪ್ಪ ಒಂದು ಗಿಡ್ಡ ಹಲಗೆ ಇಸಿದುಕೊಂಡು ಹೋಗಿ, ಅದರ ಮೂಗು ಮುಳುಗಿ, ಬಾಯಿ ತುಂಬ ಉಪ್ಪುನೀರು ಕುಡಿದು ಬಂದ. ಮೂಗಿನ ಮೇಲೆ ನಿಲ್ಲಬೇಕಾದರೆ ಹಲಗೆ ಉದ್ದ ಬೇಕು, ಮೂಗು ಅಗಲ ಬೇಕು, ಅದರ ಕೆಳಮೈಯಲ್ಲಿ ತಟ್ಟೆಯಂಥ ತಗ್ಗು ಬೇಕು ಎಂದು ಕೈಕಟ್ಟಿ ನಿಂತಿದ್ದ ಆ ಮನುಷ್ಯನೇ ಹೇಳಿಕೊಟ್ಟ.

ಮಾಧಾಪುರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡವೊಂದರ ಎ.ಸಿ. ಕೆಲಸದಲ್ಲಿ ಉಳಿದ ಥರ್ಮೋಕೋಲನ್ನು ಕೇಳಿ ತಂದ. ಮೊದಲನೆಯ ಹಲಗೆಯ ಮೈ ಗಟ್ಟಿಯಾಗಲೆಂದು ತನಗೆ ಗೊತ್ತಿದ್ದ ಫೈಬರ್ ರಾಳ ಬಳಿದದ್ದೇ ತಡ, ಅದು ಸುಯ್ ಎಂದು ಥರ್ಮೋಕೋಲನ್ನೇ ತಿಂದುಹಾಕಿತು. ತಲೆ ಚಚ್ಚಿಕೊಂಡ. ಬೇರೆ ರಾಳ ಹುಡುಕಿ ತಂದಿಟ್ಟು ಎರಡನೆಯದಕ್ಕೆ ಕೈಹಾಕಿದ. ಆದರೆ ಆ ಹಾಳು ತಗ್ಗು! ಒಮ್ಮೆ ಆಳವಾಯಿತು, ಒಮ್ಮೆ ಎಡಕ್ಕೆ ವಾಲಿತು. ತುಂಬಿದ, ತಿಕ್ಕಿದ, ಬೈದ. ಅವಸರವೂ ಇತ್ತು. ಮನೆ ಮಾಲೀಕ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ರೂಮು ಎಬ್ಬಿಸಿ ಸಾಫ್ಟ್‌ವೇರ್ ಹುಡುಗರಿಗೆ ಕೊಡುವವನಿದ್ದ. ಆಮೇಲೆ ಎರಡು ಕೋಣೆಯಲ್ಲಿ ಒಂಬತ್ತು ಅಡಿಯ ಹಲಗೆ ಇಡುವುದೆಲ್ಲಿ?

ಏನು ಮಾಡುತ್ತಿದ್ದೀರೆಂದು ಸುವರ್ಣಾ ಕೇಳಿದಾಗ, "ಹಲಗಿ," ಎಂದಷ್ಟೇ ಹೇಳಿದ್ದ. ಈ ವಯಸ್ಸಿನಲ್ಲಿ ತೆರೆ ಹತ್ತುತ್ತೇನೆಂದರೆ ಅವಳು ಬಿದ್ದು ಬಿದ್ದು ನಗುತ್ತಾಳೆ ಎಂಬ ಭಯ.

ಕೊನೆಗೆ ತಗ್ಗು ಮನಸ್ಸಿಗೆ ಬಂತು. ಮರುದಿನ ರಾಳ ಬಳಿಯುವುದೇ ಬಾಕಿ. ಡ್ಯೂಟಿ ಮುಗಿಸಿ ಮೇಲೆ ಬಂದು ನೋಡುತ್ತಾನೆ, ಬೋರಲು ಮಲಗಿಸಿದ್ದ ಹಲಗೆಯ ತುಂಬ ಸಂಡಿಗೆ. ಬಿಸಿ ಹಿಟ್ಟು ಬಿದ್ದಲ್ಲೆಲ್ಲ ಥರ್ಮೋಕೋಲ್ ಕುಗ್ಗಿ ಕುಳಿಬಿದ್ದಿತ್ತು, ಖಾರದ ಕೆಂಪು ಒಳಗಿಳಿದಿತ್ತು.

"ಏನ್ ಮಾಡಿದಿ ಇದು?" ಎಂದು ಕಿರುಚಿದ.

ಕೊಡೆ ಹಿಡಿದು ಕಾಗೆ ಕಾಯುತ್ತಿದ್ದ ಸುವರ್ಣಾ ಬೆಚ್ಚಿದಳು. "ಯಾಕ್ರಿ? ನೆಲದ ಮ್ಯಾಲ ಹಾಕಿದ್ರ ಬರೇ ಸಿಮೆಂಟಿನ ಧೂಳು, ಒಂದು ಹಲಗಿ ಮಾಡಿಕೊಡ್ರಿ ಅಂತ ಎಷ್ಟು ವರ್ಷದಿಂದ ಕೇಳಾಕತ್ತೀನಿ. ನನಗಂತ ಮಾಡಾಕತ್ತೀರಿ ಅಂತ ತಿಳ್ಕೊಂಡೆ. ಹಿಟ್ಟು ಹರೀಬಾರದಂತ ತಗ್ಗು ಬ್ಯಾರೆ ತೆಗದೀರಿ. ಕೆಳಗಿನ ಮನಿ ವಾಸಂತಿಗೂ ತೋರಿಸಿದೆ."

ಸಿದ್ದರಾಮಪ್ಪನ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ.

"ನನಗಂತ ಮಾಡಿದ್ದೆ," ಎಂದ. "ಸಮುದ್ರದಾಗ, ತೆರಿ ಮ್ಯಾಲ, ಇದರ ತುದಿಗೆ ಹೋಗಿ ನಿಲ್ಲಾಕ."

ಅವಳು ನಗಲಿಲ್ಲ. ಕೊಡೆ ಮಡಚಿಟ್ಟು ಕೂತು, ಒಂದೊಂದೇ ಸಂಡಿಗೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸತೊಡಗಿದಳು. ಎಷ್ಟು ಹುಷಾರಾಗಿ ಎಬ್ಬಿಸಿದರೂ ಪ್ರತಿಯೊಂದರ ಬೆನ್ನಿಗೂ ಥರ್ಮೋಕೋಲಿನ ಬಿಳಿ ಕಾಳು ಅಂಟಿಕೊಂಡು ಬಂದವು. ಸಂಡಿಗೆಯೂ ತಿನ್ನಲು ಬಾರದಂತಾಯಿತು, ಹಲಗೆಯೂ ಹೋಯಿತು.

"ಒಂದು ಮಾತು ಹೇಳಿದ್ರ," ಎಂದಳು ತಲೆಯೆತ್ತದೆ, "ಈ ವರ್ಷನೂ ನೆಲದ ಮ್ಯಾಲೇ ಹಾಕ್ತಿದ್ದೆನಲ್ರಿ."