ಕಣದ ಬಾಗಿಲ ಮನೆ

ಆಳಂದದಿಂದ ನಿಂಬರ್ಗಾಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ನಾವು ಎಂಟು ಮನೆಯವರು ಒಂದೇ ಸೂರಿನ ಕೆಳಗೆ ಇದ್ದೇವೆ. ಸೂರು ಹಳೆಯ ದಾಲ್ ಮಿಲ್ಲಿನ ಗೋದಾಮಿನದು. ಮಿಲ್ಲು ನಿಂತ ಮೇಲೆ ಸಾವಕಾರರ ಮಗ ಶರಣಕುಮಾರ ಯಂತ್ರಗಳನ್ನು ಗುಜರಿಗೆ ಹಾಕಿ, ಉದ್ದನೆಯ ಗೋದಾಮಿಗೆ ಅಡ್ಡಗೋಡೆ ಎಬ್ಬಿಸಿ ಬಾಡಿಗೆ ಮನೆ ಮಾಡಿದ. ಗೋದಾಮಿನಲ್ಲಿ ಮನುಷ್ಯರು ಇರುತ್ತಾರೇನು ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬಳು. ನನ್ನ ಹೊಲಿಗೆ ಮಷಿನ್ ಇಡುವಷ್ಟು ಜಾಗ ಬೇರೆಲ್ಲೂ ಸಿಗಲಿಲ್ಲ. ಮುರಿದ ಮೂಗನ್ನು ನೆಟ್ಟಗೆ ಮಾಡಿಕೊಂಡು ಬಂದೆ.

ನಮ್ಮೆಲ್ಲರಿಗಿಂತ ಮೊದಲು ಬಂದವಳು ಮಾಣಿಕಮ್ಮ. ಇದೇ ಮಿಲ್ಲಿನಲ್ಲಿ ಕೂಲಿ ಮಾಡಿ ಮುದುಕಿಯಾದವಳು. ಯಾವ ಮನೆ ಬೇಕಾದರೂ ಆರಿಸಿಕೋ ಎಂದರೆ, ಸಂಜೆ ಬಿಸಿಲು ನೇರ ಬಡಿಯುವ, ಯಾರಿಗೂ ಬೇಡವಾದ, ಕಣದ ಬಾಗಿಲ ಪಕ್ಕದ ಮನೆಯನ್ನು ಆರಿಸಿಕೊಂಡಳು. ಅದರ ಗೋಡೆಯ ಮೇಲೆ, ನೆಲಕ್ಕೆ ಕೂತವರ ಬೆನ್ನಿನ ಎತ್ತರಕ್ಕೆ, ಕಪ್ಪನೆಯ ಎಣ್ಣೆ ಕಲೆ ಇತ್ತು. ಅದು ತೀರಿಹೋದ ತನ್ನ ಗಂಡ ಜಗದೇವನ ಬೆನ್ನಿನ ಗುರುತು ಎಂದು ಆಕೆ ಹೇಳುತ್ತಿದ್ದಳು.

ತೊಗರಿ ಒಡೆಯುವ ಮೊದಲು ಅದಕ್ಕೆ ಎಣ್ಣೆ ಹಚ್ಚಿ ಬಿಸಿಲಿಗೆ ಒಣಗಿಸಬೇಕು. ಎಣ್ಣೆ ಹಚ್ಚುವುದು ಒಳಗೆ, ಗಂಡಸರ ಕೆಲಸ. ಒಣಗಿಸುವುದು ಹೊರಗೆ ಕಣದಲ್ಲಿ, ಹೆಂಗಸರ ಕೆಲಸ. ಹರವಿದ ತೊಗರಿಯಲ್ಲಿ ಬರಿಗಾಲು ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆದರೆ ಕಾಳು ತಾನೇ ಮಗುಚಿಕೊಳ್ಳುತ್ತದೆ. ಮಾಣಿಕಮ್ಮ ಈಗಲೂ ಹಾಗೇ ನಡೆಯುತ್ತಾಳೆ, ನೀರಿನ ನಲ್ಲಿಗೆ ಹೋಗುವಾಗಲೂ. ಎಣ್ಣೆ ಹಚ್ಚುವವರು ಚೀಲದ ಮೇಲೆ ಕೂತರೆ ಚೀಲ ಕೆಡುತ್ತದೆ ಎಂದು ದೊಡ್ಡ ಸಾವಕಾರರು ಬೈಯುತ್ತಿದ್ದರಂತೆ. ಹಾಗಾಗಿ ಊಟದ ಹೊತ್ತಿಗೆ ಅವರು ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಖಾಯಂ ಜಾಗ. ಹೆಂಗಸರ ಊಟ ಹೊರಗೆ ಬೇವಿನ ಗಿಡದ ಕೆಳಗೆ. ಬಿಸಿಲಲ್ಲಿ ನಿಂತವರಿಗೆ ಗೋದಾಮಿನ ಒಳಗೆ ಬರೀ ಕತ್ತಲೆ, ಸೂರಿನ ತನಕ ಚೀಲ. ಎಣ್ಣೆ ಹಚ್ಚುತ್ತಿದ್ದ ಜಗದೇವ, ನಾನು ಬಾಗಿಲ ಹತ್ತಿರ ಕೂಡುತ್ತೇನೆ ಎಂದು ಒಮ್ಮೆ ಹೇಳಿದ್ದನಂತೆ. ಅಂದಿನಿಂದ ಮಾಣಿಕಮ್ಮ ಕಣದಲ್ಲಿ ನಡೆಯುವಾಗ, ಆ ಬಾಗಿಲ ಮುಂದೆ ಬಂದಾಗಲೆಲ್ಲ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

ಇದನ್ನು ಹೇಳುವಾಗ ಆ ಮುದುಕಿ ನಾಚಿಕೊಳ್ಳುತ್ತಿದ್ದಳು. ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಗಂಡ ಮನೆಯಲ್ಲೇ ಇರುತ್ತಾನೆ, ನಾನು ಯಾವತ್ತೂ ಅವನಿಗಾಗಿ ಸೆರಗು ಸರಿ ಮಾಡಿಕೊಂಡಿಲ್ಲ.

ಎಣ್ಣೆ ಕುಡಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಎಷ್ಟು ಬಳಿದರೂ ಹಪ್ಪಳದಂತೆ ಉದುರುತ್ತಿತ್ತು. ಉಳಿದೆಲ್ಲ ಮನೆಗಳಲ್ಲಿ ಗಿಲಾವು ಕೆತ್ತಿಸಿ ಹೊಸದು ಮಾಡಿಸಿದ ಶರಣಕುಮಾರ, ಕಡೆಗೆ ಈ ಗೋಡೆಯನ್ನೂ ಕೆತ್ತಲು ಗೌಂಡಿ ನಿಜಾಮುದ್ದೀನನನ್ನು ಕರೆತಂದ. ಮಾಣಿಕಮ್ಮ ಕಲೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಗೌಂಡಿ ಚಹಾ ಕುಡಿದ, ಬೀಡಿ ಸೇದಿದ, ಮತ್ತೊಮ್ಮೆ ಚಹಾ ಕುಡಿದ. ಇಲ್ಲಿ ಹತ್ತಾರು ಜನ ಕೂತೆದ್ದಿದ್ದಾರೆ, ನಿನ್ನ ಗಂಡನದೇ ಎಂದು ಹೇಗೆ ಹೇಳುತ್ತೀ ಎಂದು ಶರಣಕುಮಾರ ರೇಗಿದ. ಪ್ಯಾರಿಬಿಯನ್ನು ಕೇಳು, ಅವಳು ಅಲ್ಲ ಎಂದರೆ ಕೆತ್ತಿಸು ಎಂದು ಮಾಣಿಕಮ್ಮ ಮಾತು ಕೊಟ್ಟಳು. ಪ್ಯಾರಿಬಿ ಕಣದಲ್ಲಿ ಅವಳ ಜೊತೆ ನಡೆದವಳು. ಗೋದಾಮಿನ ಕಸ ಹೊಡೆಯಲು ಒಳಗೆ ಹೋಗುತ್ತಿದ್ದ ಹೆಂಗಸು ಅವಳೊಬ್ಬಳೇ. ಈಗ ಜೇವರ್ಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ.

ಪ್ಯಾರಿಬಿ ಬಸ್ಸಿನಲ್ಲಿ ಬಂದಳು. ಇಬ್ಬರೂ ಕೈ ಹಿಡಿದುಕೊಂಡು ಅತ್ತರು, ಆಮೇಲೆ ಮಂಡಿ ನೋವಿನ ಬಗ್ಗೆ ಮಾತಾಡಿದರು. ಶರಣಕುಮಾರ ಗೋಡೆ ತೋರಿಸಿ ಕೇಳಿದ. ಪ್ಯಾರಿಬಿ ಕಲೆಯ ಮುಂದೆ ನಿಂತಳು. ಕೈಯಿಂದ ಅದನ್ನು ಮುಟ್ಟಿದಳು. ಸುಳ್ಳು ಹೇಳಿಬಿಡಬಾರದೇ ಎಂದು ನಾನು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ.

"ಇದು ನಮ್ಮ ರಸೂಲ್‌ದು, ಮಾಣಿಕಮ್ಮಾ," ಎಂದಳು. "ನಿಮ್ಮವ್ರು ಮಷಿನ್ ಕಡಿ ಬಾಗಿಲಿಗಿ ಕುಂಡ್ರತಿದ್ರು. ಅಲ್ಲಿ ಗಾಳಿ ಬರ್ತಿತ್ತು."

ಕಣಕ್ಕೊಂದು, ಮಿಲ್ಲಿನ ಯಂತ್ರಗಳ ಕಡೆಗೊಂದು, ಹೀಗೆ ಗೋದಾಮಿಗೆ ಎರಡು ಬಾಗಿಲು ಎಂಬುದು ಮಾಣಿಕಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆ ಕಡೆಯ ಬಾಗಿಲನ್ನು ಆಕೆ ಬಾಗಿಲೆಂದು ಎಣಿಸಿರಲೇ ಇಲ್ಲ, ಅಷ್ಟೇ. ಶರಣಕುಮಾರ ಗೌಂಡಿಗೆ ಕಣ್ಸನ್ನೆ ಮಾಡಿದ. ನಿಜಾಮುದ್ದೀನ ಉಳಿ ಎತ್ತಿಕೊಂಡ.

"ಮುಟ್ಟಬ್ಯಾಡ," ಎಂದಳು ಮಾಣಿಕಮ್ಮ. "ಆಕಿ ಗಂಡಂದದ."

ಕೊಟ್ಟ ಮಾತು ಏನಾಯಿತು ಎಂದು ಶರಣಕುಮಾರ ಕೇಳಿದ. ಮಾತು ಹೋಗಲಿ, ಗೋಡೆ ಇರಲಿ ಎಂದಳು. ಚಡ್ಡಿ ಹಾಕುವ ವಯಸ್ಸಿನಲ್ಲಿ ಅವನನ್ನು ತೊಗರಿ ರಾಶಿಯಿಂದ ಕಿವಿ ಹಿಡಿದು ಇಳಿಸಿದವಳು ಅವಳು. ಅವನು ಗೊಣಗುತ್ತ ಗೌಂಡಿಯನ್ನು ಕರೆದುಕೊಂಡು ಹೋದ. ಪ್ಯಾರಿಬಿ ಆ ಕಲೆಗೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿಂದಳು. ಮಾಣಿಕಮ್ಮ ಎದುರಿಗೆ ಕೂತು ಬಡಿಸಿದಳು. ಸಂಜೆ ನಾನೇ ಪ್ಯಾರಿಬಿಯನ್ನು ಬಸ್ಸಿಗೆ ಬಿಟ್ಟು ಬಂದೆ.

ಮಷಿನ್ ಕಡೆಯ ಬಾಗಿಲು ಇದ್ದದ್ದು ಈಗ ನನ್ನ ಮನೆಯಲ್ಲಿ. ಅಲ್ಲಿಯ ಗೋಡೆಯ ಗಿಲಾವು ಕೆತ್ತಿ, ಸೊಂಟದೆತ್ತರ ಬಿಳಿ ಟೈಲ್ಸ್ ಹಾಕಿದ್ದಾರೆ. ಮರುದಿನ ಮಧ್ಯಾಹ್ನ ಮಾಣಿಕಮ್ಮ ಕಾಲೆಳೆಯುತ್ತ ಬಂದಳು. ಕುರ್ಚಿ ಕೊಟ್ಟರೆ ಬೇಡವೆಂದಳು. ಟೈಲ್ಸಿಗೆ ಬೆನ್ನು ಹಚ್ಚಿ ನೆಲಕ್ಕೆ ಕೂತಳು. ನುಣುಪಿಗೆ ಬೆನ್ನು ಜಾರುತ್ತಿತ್ತು. ಮತ್ತೆ ಮತ್ತೆ ಸರಿಯಾಗಿ ಕೂತಳು. ನಾನು ಹೊಲಿಗೆ ನಿಲ್ಲಿಸಿದೆ.

ಆಕೆ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಕತ್ತು ಚಾಚಿ ನೋಡಿದಳು.

"ಸುಮಂಗಲಾ," ಎಂದಳು, "ಇಲ್ಲಿಂದ ಕಣ ಕಾಣಂಗಿಲ್ಲಲ್ಲವ್ವಾ."